ಜೇಬಿನಲ್ಲೊಂದು ಪುಟ್ಟ ಚಾಕು

ಕಡಲೆಕಾಯಿ ಸುಲಿಯಲು ಉಗುರು, ಕಬ್ಬು ಸಿಗಿಯಲು ಹಲ್ಲು. ಹದಿನಾರರ ಹುಡುಗನಿಗೆ ಈ ಎರಡು ಸಲಕರಣೆಗಳು ಸಾಕು. ಬಿಸ್ಕತ್ ಪೊಟ್ಟಣವಿರಲಿ, ಶಾಂಪೂ ಪೊಟ್ಟಣವಿರಲಿ, ಹೊಸ ಅಂಗಿಗೆ ನೇತುಬಿದ್ದ ಬೆಲೆಚೀಟಿಯ ದಾರವಿರಲಿ, ಹಲ್ಲಿಗೆ ಸಿಕ್ಕಿಸಿ ಒಮ್ಮೆ ಎಳೆದರೆ ಕೆಲಸ ಮುಗಿಯಿತು. ಪೇರಲೆ ಹಣ್ಣನ್ನು ಅಂಗಿಗೆ ಒರೆಸಿ ಕಚ್ಚಿದರೆ ಬೀಜಸಹಿತ ಹೊಟ್ಟೆಗೆ. ಅಂಥವನ ಜೇಬಿನಲ್ಲಿ ಚಾಕು ಇರಬೇಕಾದ ಅಗತ್ಯವೇ ಇಲ್ಲ. ಚಾಕು ಬೇಕಾಗುವುದು ಅವನ ಅಜ್ಜನಿಗೆ.

ಅರವತ್ತೈದು ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಹಲ್ಲುಗಳು ಒಂದೊಂದಾಗಿ ಜಾಗ ಖಾಲಿ ಮಾಡಿ, ಅನೇಕರಿಗೆ ಕಟ್ಟಿಸಿದ ಹಲ್ಲು ಬಂದಿರುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟು ಅಗಿಯಲು ಒದಗುತ್ತದೆ, ಮುಂದಿನಿಂದ ಕಚ್ಚಿ ಎಳೆಯಲು ಒದಗುವುದಿಲ್ಲ. ಮುಂಭಾಗದ ಮೇಲೆ ಬಲ ಬಿದ್ದ ಕೂಡಲೇ ಹಿಂಭಾಗ ಸನ್ನೆಕೋಲಿನಂತೆ ಮೇಲೇಳುತ್ತದೆ. ಹಾಗಾಗಿ ಪೇರಲೆಯನ್ನೋ ಸೇಬನ್ನೋ ತೆಳ್ಳಗೆ ಹೋಳು ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ಉಗುರಿನ ಕಥೆಯೂ ಹೆಚ್ಚುಕಡಿಮೆ ಇದೇ. ವಯಸ್ಸಾದಂತೆ ಉಗುರು ನಿಧಾನವಾಗಿ ಬೆಳೆಯುತ್ತದೆ, ಮೇಲೆ ಗೆರೆಗಳು ಮೂಡುತ್ತವೆ, ತುದಿ ಸೀಳುತ್ತದೆ. ದಾರದ ಗಂಟು ಬಿಚ್ಚಲು ಹೋದರೆ ಗಂಟು ಹಾಗೇ ಉಳಿದು ಉಗುರು ಮುರಿಯುತ್ತದೆ.

ಜೇಬಿನ ಚಾಕು ಎಂದೊಡನೆ ಅದನ್ನು ಶೋಕಿಯ ವಸ್ತುವೆಂದು ಕಾಣುವವರೇ ಹೆಚ್ಚು. ಹರೆಯದಲ್ಲಿ ಅದು ಶೋಕಿಯೇ ಇರಬಹುದು. ಮುಪ್ಪಿನಲ್ಲಿ ಮಾತ್ರ ಅದು ಕನ್ನಡಕದ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಕಣ್ಣು ಕಳೆದುಕೊಂಡದ್ದನ್ನು ಕನ್ನಡಕ ತುಂಬಿಕೊಡುವ ಹಾಗೆ, ಹಲ್ಲು ಉಗುರುಗಳು ಕಳೆದುಕೊಂಡದ್ದನ್ನು ಚಾಕು ತುಂಬಿಕೊಡುತ್ತದೆ. ಆದರೆ ಕನ್ನಡಕ ಕೊಳ್ಳುವಾಗ ಅಕ್ಷರದ ಹಲಗೆಯ ಮುಂದೆ ಕೂತು ಕಣ್ಣಿನ ಅಳತೆ ತೆಗೆಸುವ ಮನೆಯವರು, ಚಾಕು ಕೊಳ್ಳುವಾಗ ಕೈಯ ಅಳತೆ ತೆಗೆಯುವುದಿಲ್ಲ. ಅಂಗಡಿಯಲ್ಲಿ ಫಳಫಳ ಹೊಳೆಯುವುದನ್ನು ತಂದು ಕೊಟ್ಟುಬಿಡುತ್ತಾರೆ.

ಹೆಸರಿನ ತೊಡಕೂ ಸ್ವಲ್ಪ ಇದೆ. ಚೂರಿ ಎಂದರೆ ಬೆನ್ನಿಗೆ ಹಾಕುವುದೇ ನೆನಪಾಗುತ್ತದೆ. ಕತ್ತಿ ಎಂದರೆ ಬಯಲುಸೀಮೆಯವರಿಗೆ ಯುದ್ಧದ ಕತ್ತಿ, ಮಲೆನಾಡು ಕರಾವಳಿಯವರಿಗೆ ಸೊಪ್ಪು ಕಡಿಯುವ ಕತ್ತಿ. ಚಾಕು ಒಂದೇ ಸ್ವಲ್ಪ ಸಾಧು ಶಬ್ದ. ಇಂಗ್ಲಿಷಿನ ‘ಪೆನ್ ನೈಫ್’ ಇನ್ನೂ ಸಾಧು. ಹಕ್ಕಿಯ ಗರಿಯ ಲೇಖನಿಗೆ ಮೊನೆ ಮಾಡಲು ಬಳಸುತ್ತಿದ್ದ ಪುಟ್ಟ ಚಾಕುವಿಗೆ ಬಂದ ಹೆಸರದು. ಗರಿ ಹೋಗಿ ಲೋಹದ ನಿಬ್ಬು ಬಂತು, ನಿಬ್ಬು ಹೋಗಿ ಬಾಲ್‌ಪೆನ್ ಬಂತು, ಹೆಸರು ಮಾತ್ರ ಉಳಿಯಿತು. ಅಲಗನ್ನು ಹಿಡಿಯೊಳಗೆ ಮಡಿಸಿಡುವ ಉಪಾಯವಂತೂ ಬಹಳ ಹಳೆಯದು. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿದ ಮೂಳೆ ಹಿಡಿಯ ಮಡಿಸುವ ಚಾಕು ಸುಮಾರು 2500 ವರ್ಷ ಹಿಂದಿನದು.

ಸಾಗರದಲ್ಲಿ ಎಪ್ಪತ್ತನಾಲ್ಕು ವರ್ಷದ ಹಿರಿಯರೊಬ್ಬರಿದ್ದಾರೆ. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಟಪಾಲು ಚೀಲದ ಬಾಯಿಗೆ ಬಿಗಿದ ಹುರಿ ಕತ್ತರಿಸುತ್ತ, ಅರಗಿನ ಮುದ್ರೆ ಎಬ್ಬಿಸುತ್ತ ದಶಕಗಳನ್ನೇ ಕಳೆದವರಿಗೆ ಚಾಕು ಕೈಯ ಆರನೆಯ ಬೆರಳಾಗಿತ್ತು. ಅಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ನಲವತ್ತು ವರ್ಷಗಳ ಕೆಳಗೆ ಕೊಂಡ, ಹಿತ್ತಾಳೆಯ ಹಿಡಿಯ ಮಡಿಸುವ ಚಾಕು ಅದು. ಎಲೆ ಅಡಿಕೆಯನ್ನು ವೈದ್ಯರ ಮಾತಿಗೆ ಬಿಟ್ಟರು. ಎಲೆ ಸಂಚಿಯನ್ನು ಬಿಡಲಿಲ್ಲ, ಅದರೊಳಗಿನ ಚಾಕುವನ್ನೂ ಬಿಡಲಿಲ್ಲ. ಪ್ರತಿ ಆಯುಧಪೂಜೆಗೆ ಮಗನ ಸ್ಕೂಟರಿನ ಪಕ್ಕದಲ್ಲಿ ಅದಕ್ಕೂ ಒಂದು ಚುಕ್ಕಿ ಕುಂಕುಮ.

ಒಂದು ಸಂಜೆ ಪೇರಲೆ ಹೆಚ್ಚುತ್ತಿದ್ದಾಗ ಎಡಗೈಯ ತೋರುಬೆರಳಿಗೆ ಪೆಟ್ಟಾಯಿತು. ಆದದ್ದು ಅವರಿಗೇ ತಿಳಿಯಲಿಲ್ಲ. ಪಂಚೆಯ ಮೇಲೆ ಕೆಂಪು ಹರಡಿದ್ದನ್ನು ಮೊಮ್ಮಗ ನೋಡಿ ಕೂಗಿದ. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಅದು ನರಗಳ ತುದಿಯನ್ನು ಮಂದ ಮಾಡುತ್ತದೆ, ಸಾಮಾನ್ಯವಾಗಿ ಮೊದಲು ಪಾದ, ಆಮೇಲೆ ಬೆರಳ ತುದಿ. ಜೊತೆಗೆ ಹೃದಯಕ್ಕೆಂದು ದಿನವೂ ಆಸ್ಪಿರಿನ್. ಆಸ್ಪಿರಿನ್ ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟದಂತೆ ಮಾಡುತ್ತದೆ. ಒಮ್ಮೆ ಹಾಗಾದ ಕಿರುತಟ್ಟೆ ತನ್ನ ಆಯುಷ್ಯ ಮುಗಿಯುವವರೆಗೆ, ಅಂದರೆ ಏಳರಿಂದ ಹತ್ತು ದಿನ, ಸರಿಹೋಗುವುದಿಲ್ಲ. ಸಣ್ಣ ಗಾಯವಾದರೂ ರಕ್ತ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮರುದಿನ ಚಾಕು ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಸೇರಿತು. ಮನೆಯವರು ಹೇಳಲಿಲ್ಲ, ಹಿರಿಯರೂ ಕೇಳಲಿಲ್ಲ.

ಕೇಳದಿದ್ದದ್ದರ ಪರಿಣಾಮ ತಿಂಗಳ ಕೊನೆಗೆ ಗೊತ್ತಾಯಿತು. ಹೊಸ ಮಾತ್ರೆ ತರಲು ಲೆಕ್ಕ ಹಾಕುತ್ತಿದ್ದ ಸೊಸೆಗೆ ರಾತ್ರಿಯ ರಕ್ತದೊತ್ತಡದ ಮಾತ್ರೆಗಳು ಒಂಬತ್ತು ಉಳಿದಿರುವುದು ಕಂಡಿತು. ಉಳಿಯಬೇಕಾದದ್ದು ಒಂದೂ ಇರಲಿಲ್ಲ.

“ಮಾವ, ರಾತ್ರಿ ಮಾತ್ರೆ ಬಿಟ್ಟಿದ್ದೀರಾ?”

“ಬಿಡಬೇಕು ಅಂತ ಬಿಟ್ಟದ್ದಲ್ಲಮ್ಮ. ಒಂದೊಂದು ದಿನ ಆ ಹಾಳೆ ಹರಿಯೋದೇ ಇಲ್ಲ. ನೀವೆಲ್ಲ ಮಲಗಿರ್ತೀರಿ. ಇದಕ್ಕೆ ಎಬ್ಬಿಸೋದು ಯಾಕೆ ಅಂತ...”

ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಒತ್ತಿ ಮಾಡಿದ ಮಾತ್ರೆಯ ಪಟ್ಟಿಗಳನ್ನು ನೋಡಿದವರಿಗೆ ಈ ಕಷ್ಟ ಅರ್ಥವಾದೀತು. ಒತ್ತಿದರೆ ಮಾತ್ರೆ ಹೊರಬರುವ ಬಗೆಯವಲ್ಲ ಅವು, ಹರಿಯಲೇಬೇಕು. ತೇವ ಒಳಗೆ ಹೋಗಬಾರದೆಂದು ಬಿಗಿಯಾಗಿ ಮಾಡಿರುತ್ತಾರೆ. ಮಾತ್ರೆ ನುಂಗುವವರ ಬೆರಳಿಗೆ ಎಪ್ಪತ್ತು ವರ್ಷವಾಗಿರುತ್ತದೆ ಎಂಬುದು ಮಾಡಿದವರಿಗೆ ಹೊಳೆದಿರುವುದಿಲ್ಲ. ಹಿರಿಯರ ಜೇಬಿನಿಂದ ಚಾಕು ತೆಗೆದರೆ ಗಾಯದ ಅಪಾಯ ತಪ್ಪುತ್ತದೆ, ನಿಜ. ಅದರ ಜಾಗದಲ್ಲಿ ದಿನಕ್ಕೆ ಹತ್ತು ಸಲ ಇನ್ನೊಬ್ಬರನ್ನು ಕರೆಯುವ ಪ್ರಸಂಗ ಬರುತ್ತದೆ. ಮೊದಮೊದಲು ಕರೆಯುತ್ತಾರೆ. ಆಮೇಲೆ ಹಣ್ಣು ಬೇಡ ಎನ್ನುತ್ತಾರೆ. ಪಾರ್ಸೆಲ್ಲು ನಾಳೆ ಬಿಚ್ಚಿದರಾಯಿತು ಎನ್ನುತ್ತಾರೆ. ಇವರಿಗೇಕೋ ಈಚೆಗೆ ಯಾವುದರಲ್ಲೂ ಆಸಕ್ತಿಯಿಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ.

ಆ ಮನೆಯಲ್ಲಿ ತೀರ್ಮಾನವಾದದ್ದು ಹೊಸ ಚಾಕು ಕೊಳ್ಳುವುದೆಂದು. ಕಣ್ಣಿನ ತಪಾಸಣೆಗೆ ಶಿವಮೊಗ್ಗಕ್ಕೆ ಹೋಗುವುದಿತ್ತು. ಹಿರಿಯರು, ಮಗ, ಒಂಬತ್ತನೆಯ ತರಗತಿಯ ಮೊಮ್ಮಗ, ಮೂವರೂ ಗಾಂಧಿ ಬಜಾರಿನ ಅಂಗಡಿಯೊಂದರ ಮುಂದೆ ನಿಂತರು. ಅಂಗಡಿಯವನು ಗಾಜಿನ ಮೇಲೆ ನಾಲ್ಕು ಚಾಕು ಇಟ್ಟ.

ಮೊದಲನೆಯದು ಕೀಲಿಕೈ ಗೊಂಚಲಿಗೆ ಸಿಕ್ಕಿಸುವ, ಬೆರಳುದ್ದದ ಕೆಂಪು ಚಾಕು, ಸ್ವಿಸ್ ಮಾದರಿಯದು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಚಾಕು ಒದಗಿಸಿದ. 1897ರಲ್ಲಿ ಅಧಿಕಾರಿಗಳಿಗೆಂದು ಹಲವು ಉಪಕರಣಗಳ ಹಗುರ ಚಾಕು ತಂದ. ವಿಕ್ಟೋರಿನಾಕ್ಸ್ ಎಂಬ ಹೆಸರಿನಲ್ಲಿ ಆತನ ತಾಯಿ ವಿಕ್ಟೋರಿಯಾ ಇದ್ದಾಳೆ, ತುಕ್ಕುರಹಿತ ಉಕ್ಕಿಗೆ ಫ್ರೆಂಚರು ಹೇಳುವ ‘ಇನಾಕ್ಸ್’ ಇದೆ. 58 ಮಿಲಿಮೀಟರಿನ ಪುಟ್ಟ ಮಾದರಿಯಲ್ಲಿ ಅಲಗು, ಕತ್ತರಿ, ಉಗುರು ಅರ, ಚಿಮಟ, ಹಲ್ಲುಕಡ್ಡಿ ಎಲ್ಲ ಸೇರಿದರೂ ತೂಕ ಇಪ್ಪತ್ತು ಗ್ರಾಮಿನ ಆಸುಪಾಸು. ವಯಸ್ಸಾದವರಿಗೆ ಚಿಕ್ಕದೇ ಒಳ್ಳೆಯದೆಂದು ಮಗ ಅದನ್ನೇ ಕೈಗೆತ್ತಿಕೊಂಡ. ತಂದೆ ಅಲಗಿನ ಮೇಲಿನ ಗೆರೆಗೆ ಉಗುರು ಸಿಕ್ಕಿಸಿ ಎಳೆದರು. ಒಮ್ಮೆ, ಎರಡು ಸಲ, ಮೂರು ಸಲ. ಅಲಗು ಕದಲಲಿಲ್ಲ. ಉಗುರಿನ ತುದಿ ಬಿಳಿಚಿತು.

ಇಲ್ಲಿ ಒಂಬತ್ತನೆಯ ತರಗತಿಯ ಪಾಠ ಉಪಯೋಗಕ್ಕೆ ಬಂತು. ಮೊಮ್ಮಗ ಚೀಲದಿಂದ ಜಾಮಿಟ್ರಿ ಪೆಟ್ಟಿಗೆಯ ಅಳತೆಪಟ್ಟಿ ತೆಗೆದ. ಮಡಿಸುವ ಚಾಕು ತೆರೆಯುವುದೆಂದರೆ ಬಾಗಿಲು ತೆರೆದಂತೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಕಷ್ಟ, ದೂರದಲ್ಲಿ ತಳ್ಳಿದರೆ ಸುಲಭ. ತಿರುಗಿಸುವ ಪರಿಣಾಮವೆಂದರೆ ಬಲವನ್ನು ಕೀಲಿನಿಂದಿರುವ ದೂರಕ್ಕೆ ಗುಣಿಸಿದ್ದು. ಒಂದೇ ಬಿಗಿಯ ಸ್ಪ್ರಿಂಗ್ ಇರುವ ಎರಡು ಚಾಕುಗಳಲ್ಲಿ ಉಗುರಿನ ಗೆರೆ ಒಂದರಲ್ಲಿ ಕೀಲಿನಿಂದ 1.5 ಸೆಂಟಿಮೀಟರ್, ಇನ್ನೊಂದರಲ್ಲಿ 3 ಸೆಂಟಿಮೀಟರ್ ದೂರ ಇದ್ದರೆ, ಎರಡನೆಯದಕ್ಕೆ ಅರ್ಧ ಬಲ ಸಾಕು. ಪುಟ್ಟ ಚಾಕುವಿನಲ್ಲಿ ಈ ದೂರವೂ ಪುಟ್ಟದು. ಕೈಯಲ್ಲಿ ಕಸುವು ಕಡಿಮೆಯಾದವರಿಗೆ ಚಿಕ್ಕ ಚಾಕು ಕೊಡುವುದು ದಯೆಯಂತೆ ಕಂಡರೂ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಹಿಡಿಯ ವಿಷಯವೂ ಹೀಗೆಯೇ. ತೆಳ್ಳನೆಯ ಹಿಡಿಯನ್ನು ಜಾರದಂತೆ ಹಿಡಿಯಲು ಬೆರಳುಗಳನ್ನು ಪೂರ್ತಿ ಮಡಿಸಿ ಬಿಗಿಯಬೇಕು. ಸ್ವಲ್ಪ ದಪ್ಪ ಹಿಡಿ ಅಂಗೈ ತುಂಬಿ ತಾನೇ ಕೂರುತ್ತದೆ. ಜೇಬಿಗೆ ಹಿಡಿಸುವಷ್ಟು ಚಿಕ್ಕದು, ಅಂಗೈ ತುಂಬುವಷ್ಟು ದೊಡ್ಡದು, ಈ ಎರಡರ ನಡುವೆ ಎಲ್ಲೋ ಒಬ್ಬೊಬ್ಬರ ಅಳತೆ ಇರುತ್ತದೆ. ಮುಚ್ಚಿದಾಗ ಒಂಬತ್ತು ಹತ್ತು ಸೆಂಟಿಮೀಟರ್, ಅಲಗು ಏಳು ಸೆಂಟಿಮೀಟರ್ ಇದ್ದರೆ ಬಹಳ ಕೈಗಳಿಗೆ ಒಪ್ಪುತ್ತದೆ.

ಎರಡನೆಯದು ಕಪ್ಪು ಬಣ್ಣದ, ಸಿನಿಮಾದ ಖಳನಾಯಕನಿಗೆ ಒಪ್ಪುವಂಥ ಚಾಕು. ಮೊಮ್ಮಗನ ಕಣ್ಣೆಲ್ಲ ಅದರ ಮೇಲೆ. ತೆರೆದರೆ ‘ಟಕ್’ ಎಂದು ಬೀಗ ಬೀಳುತ್ತದೆ, ಅಲಗು ತಾನಾಗಿ ಮಡಿಸಿಕೊಳ್ಳುವುದಿಲ್ಲ. ಬೀಗ ಇದ್ದರೆ ಕ್ಷೇಮವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಬಗೆಯ ಬೀಗ ಬಿಡಿಸಲು ಹಿಡಿಯೊಳಗಿನ ತಗಡನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಬೇಕು, ಒತ್ತುವಾಗ ಆ ಹೆಬ್ಬೆರಳು ಅಲಗು ಇಳಿದುಬರುವ ದಾರಿಯಲ್ಲೇ ಇರುತ್ತದೆ. ಸ್ಪರ್ಶ ಚುರುಕಾಗಿರುವವರಿಗೆ ಅದೇನು ದೊಡ್ಡದಲ್ಲ. ಬೆರಳು ಎಲ್ಲಿದೆಯೆಂದು ಬೆರಳಿಗೇ ಸರಿಯಾಗಿ ತಿಳಿಯದವರಿಗೆ ಮುಚ್ಚುವ ಗಳಿಗೆಯೇ ಅಪಾಯದ ಗಳಿಗೆ. ಹೆಬ್ಬೆರಳಿನ ಬುಡದ ಕೀಲು ಸವೆಯುವುದು ಮುಪ್ಪಿನಲ್ಲಿ ಸಾಮಾನ್ಯ, ಹೆಂಗಸರಲ್ಲಿ ಇನ್ನೂ ಹೆಚ್ಚು. ಆ ಕೀಲು ನೋಯುವವರು ಬೀಗದ ಚಾಕುವನ್ನು ಒಮ್ಮೆ ತೆರೆದರೆ ಮುಚ್ಚುವ ಕಷ್ಟಕ್ಕೆ ಹೆದರಿ ತೆರೆದೇ ಇಟ್ಟುಬಿಡುತ್ತಾರೆ.

ಮೂರನೆಯದು ಮರದ ಹಿಡಿಯ, ಕತ್ತಿಗೆಗೆ ಉಂಗುರವಿರುವ ಫ್ರೆಂಚ್ ಮಾದರಿ. ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಸವೊಯ್ ಬೆಟ್ಟಸೀಮೆಯ ರೈತರಿಗಾಗಿ ಮಾಡಿದ ಚಾಕು ಅದರ ಮೂಲ; ತಿರುಗಿಸಿದರೆ ಅಲಗನ್ನು ಹಿಡಿದಿಡುವ ಉಂಗುರ 1955ರಲ್ಲಿ ಸೇರಿತು. ಬೆರಳು ಅಲಗಿನ ದಾರಿಗೆ ಬರುವುದಿಲ್ಲ, ಹಿಡಿ ದುಂಡಗೆ ಅಂಗೈ ತುಂಬುತ್ತದೆ. ಅಂಗಡಿಯಲ್ಲಿ ಹಿರಿಯರು ಅದನ್ನು ಸಲೀಸಾಗಿ ತೆರೆದರು. ಆದರೆ ಸಾಗರದ ಮಳೆಗಾಲವನ್ನು ಬಲ್ಲವರು ಅವರು. ಮರ ತೇವ ಹೀರಿ ಉಬ್ಬಿದರೆ ಸೀಳಿನಲ್ಲಿ ಕೂತ ಅಲಗು ಕಚ್ಚಿಕೊಳ್ಳುತ್ತದೆ, ಬಾಗಿಲುಗಳು ಆಷಾಢದಲ್ಲಿ ಕಚ್ಚಿಕೊಳ್ಳುವ ಹಾಗೆ. ಬಯಲುಸೀಮೆಯಲ್ಲಿ ಇದೇ ಚಾಕು ಒಳ್ಳೆಯ ಆಯ್ಕೆಯಾದೀತು.

ನಾಲ್ಕನೆಯದು ಹೆಸರಿಲ್ಲದ ತಯಾರಿಕೆ. ಪ್ಲಾಸ್ಟಿಕ್ಕಿನ ಕೇಸರಿ ಹಿಡಿ, ಅಗಲ ಅಲಗು, ಬೀಗವಿಲ್ಲ. ಮುಚ್ಚಿದಾಗಲೂ ಅಲಗಿನ ಬೆನ್ನು ಹಿಡಿಯಿಂದ ಒಂದು ಸೆಂಟಿಮೀಟರಿನಷ್ಟು ಮೇಲೆದ್ದು ನಿಲ್ಲುತ್ತದೆ. ಉಗುರು ಬೇಕಿಲ್ಲ, ಹೆಬ್ಬೆರಳು ತೋರುಬೆರಳುಗಳಿಂದ ಚಿವುಟಿ ಹಿಡಿದು ಎತ್ತಿದರಾಯಿತು. ತುದಿ ಮೊನೆಯಿಲ್ಲದೆ ಮೊಂಡಾಗಿ ಕೆಳಕ್ಕೆ ಬಾಗಿದೆ. ಇಂಥ ತುದಿಗೆ ಇಂಗ್ಲಿಷರು ಕುರಿಯ ಪಾದದ ಹೆಸರಿಟ್ಟಿದ್ದಾರೆ. ಹಡಗಿನವರೂ ಮೊನೆಯಿಲ್ಲದ ಚಾಕುವನ್ನೇ ಬಯಸುತ್ತಿದ್ದರು, ಅಲೆಗೆ ಹಡಗು ಓಲಾಡಿದಾಗ ಯಾರಿಗೂ ಚುಚ್ಚಬಾರದೆಂದು. ನಡುಗುವ ಕೈಗೂ ಓಲಾಡುವ ಹಡಗಿಗೂ ಬೇಕಾದದ್ದು ಒಂದೇ. ಬೀಗವಿಲ್ಲದ ಚಾಕುವಿನಿಂದ ಏನನ್ನೂ ಚುಚ್ಚಬಾರದು, ಮೊನೆಗೆ ಬಲ ಬಿದ್ದರೆ ಮಡಿಸಿಕೊಂಡು ಬೆರಳ ಮೇಲೆ ಬರುತ್ತದೆ. ಮೊನೆಯೇ ಇಲ್ಲದಿದ್ದರೆ ಚುಚ್ಚುವ ಆಸೆಯೂ ಇರುವುದಿಲ್ಲ.

ಅದನ್ನೂ ಅಂಗಡಿಯಲ್ಲಿ ಒಮ್ಮೆ ತೆರೆದು ತೃಪ್ತರಾಗಬಾರದು. ಮಧ್ಯಾಹ್ನದ ಕೈ ಬೇರೆ, ಬೆಳಗಿನ ಕೈ ಬೇರೆ. ಕೀಲು ಸವೆದವರಿಗೆ ಎದ್ದ ಮೊದಲ ಕಾಲು ಅರ್ಧ ಗಂಟೆ ಬೆರಳುಗಳು ಬಿಗಿದಿರುತ್ತವೆ, ಹಾಲಿನ ಪ್ಯಾಕೆಟ್ ಕತ್ತರಿಸುವುದು ಆಗಲೇ. ಸಾಧ್ಯವಾದರೆ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಹೋಗಿ, ಬೆರಳಿಗೆ ಸ್ವಲ್ಪ ನೀರು ಮುಟ್ಟಿಸಿಕೊಂಡು, ಹತ್ತು ಸಲ ತೆರೆದು ಮುಚ್ಚಿ ನೋಡಬೇಕು. ಅಂಗಡಿಯವನು ಗೊಣಗಿದರೆ ಗೊಣಗಲಿ. ಹಿಡಿ ಜಾರಿದರೆ ಹಳೆಯ ಸೈಕಲ್ ಟ್ಯೂಬಿನ ಎರಡು ತುಂಡನ್ನು ಬಳೆಯಂತೆ ತೊಡಿಸಬಹುದು, ದುಡ್ಡಿಲ್ಲದ ಉಪಾಯ. ಬಣ್ಣವೂ ಮುಖ್ಯ. ಕಪ್ಪು ಅಥವಾ ಕಂದು ಹಿಡಿ ಹಿತ್ತಲಲ್ಲಿ ಬಿದ್ದರೆ ಮಂದ ಕಣ್ಣಿಗೆ ಕಾಣಿಸದು. ಕೇಸರಿ, ಕೆಂಪು ಕಾಣಿಸುತ್ತವೆ.

ಹಿರಿಯರು ಆರಿಸಿದ್ದು ನಾಲ್ಕನೆಯದನ್ನೇ, ಜೊತೆಗೆ ಮೊಂಡು ತುದಿಯ ಒಂದು ಪುಟ್ಟ ಕತ್ತರಿ. ಮಾತ್ರೆಯ ಹಾಳೆ, ದಾರ, ಹಾಲಿನ ಪ್ಯಾಕೆಟ್‌ಗಳಿಗೆ ಚಾಕುವಿಗಿಂತ ಕತ್ತರಿ ಮೇಲು, ಏಕೆಂದರೆ ಎರಡು ಅಲಗುಗಳೂ ಒಂದಕ್ಕೊಂದು ಎದುರು ಕೆಲಸ ಮಾಡುತ್ತವೆ, ಬೆರಳಿನ ಕಡೆಗೆ ಬರುವುದಿಲ್ಲ. ಹಲ್ಲಿನ ಕೆಲಸ ಚಾಕುವಿಗೆ, ಉಗುರಿನ ಕೆಲಸ ಕತ್ತರಿಗೆ. ಮಾತ್ರೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ: ಜೇಬಿನಲ್ಲಿ ಚಾಕು ಇದೆಯೆಂದು ಮಾತ್ರೆಯನ್ನೇ ಅರ್ಧ ಮಾಡಿ ನುಂಗಬಾರದು. ಹೆಸರಿನ ಮುಂದೆ ಎಸ್ಆರ್, ಇಆರ್ ಎಂಬ ಅಕ್ಷರಗಳಿರುವ ಮಾತ್ರೆಗಳು ಗಂಟೆಗಟ್ಟಲೆ ನಿಧಾನವಾಗಿ ಔಷಧ ಬಿಡುವಂತೆ ಮಾಡಿದವು. ಅವನ್ನು ಕತ್ತರಿಸಿದರೆ ದಿನದ ಔಷಧ ಒಮ್ಮೆಗೇ ಮೈಗೆ ಸೇರಬಹುದು. ವೈದ್ಯರನ್ನು ಕೇಳದೆ ಆ ಕೆಲಸ ಬೇಡ.

ಅಲಗಿನ ಉಕ್ಕು ಯಾವುದಿರಬೇಕು ಎಂಬ ಬಗ್ಗೆ ಚಾಕುಪ್ರಿಯರು ರಾತ್ರಿಯಿಡೀ ವಾದಿಸಬಲ್ಲರು. ಜೇಬಿನ ಮಟ್ಟಿಗೆ ವಿಷಯ ಸರಳ. ಹಳೆಯ ಬಗೆಯ ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಬಾಳೆಕಾಯಿ, ಎಳೆ ಅಡಿಕೆ ಹೆಚ್ಚಿದರೆ ಅಲಗು ಕಪ್ಪಾಗುತ್ತದಲ್ಲ, ಅದು ಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಮಾಡಿದ ಮಸಿ. ಹಿಂದಿನವರು ಬರೆಯುವ ಮಸಿ ಮಾಡಿಕೊಂಡದ್ದೂ ಇದೇ ರಸಾಯನದಿಂದ. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿದ ಉಕ್ಕು ತಯಾರಿಸಿದ ಮೇಲೆ ತುಕ್ಕಿನ ಕಾಟ ತಗ್ಗಿತು. ಕ್ರೋಮಿಯಂ ಶೇಕಡ 10.5ಕ್ಕಿಂತ ಹೆಚ್ಚಿದ್ದರೆ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ ಮೂಡುತ್ತದೆ; ಗೀಚಿದರೂ ಗಾಳಿ ತಗುಲಿ ಮತ್ತೆ ಕೂಡಿಕೊಳ್ಳುತ್ತದೆ. ದಿನವೂ ಒರೆಸಿ ಎಣ್ಣೆ ಹಚ್ಚುವ ತಾಳ್ಮೆ ಇರುವವರು ಹಳೆಯ ಉಕ್ಕು ಇಟ್ಟುಕೊಳ್ಳಲಿ. ಹಣ್ಣು ಹೆಚ್ಚಿ ಪಂಚೆಯ ಅಂಚಿಗೆ ಒರೆಸಿ ಸಂಚಿಗೆ ಹಾಕುವವರಿಗೆ ಸ್ಟೇನ್‌ಲೆಸ್ಸೇ ಸರಿ.

ವಯಸ್ಸಾದವರ ಚಾಕು ಮೊಂಡಾಗಿದ್ದರೆ ಕ್ಷೇಮ ಎಂದು ನಂಬಿದ ಮನೆಗಳುಂಟು. ವಿಜ್ಞಾನ ಬೇರೆ ಮಾತು ಹೇಳುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಚೆನ್ನಾಗಿ ಸಾಣೆ ಹಿಡಿದ ಬಾಯಿಯ ದಪ್ಪ ಒಂದು ಮೈಕ್ರೋಮೀಟರ್ ಎಂದಿಟ್ಟುಕೊಳ್ಳಿ, ಮೊಂಡು ಬಾಯಿಯದು ಐವತ್ತು. ಅಷ್ಟೇ ಒತ್ತಡ ಹುಟ್ಟಿಸಲು ಮೊಂಡು ಚಾಕುವಿಗೆ ಐವತ್ತು ಪಟ್ಟು ಬಲ ಬೇಕು. ಕೆಲಸದಲ್ಲಿ ಲೆಕ್ಕ ಇಷ್ಟು ನೇರವಾಗಿರುವುದಿಲ್ಲವಾದರೂ ದಿಕ್ಕು ಇದೇ. ಬಲ ಹೆಚ್ಚಿದಷ್ಟೂ ಜಾರಿದಾಗ ಪೆಟ್ಟು ದೊಡ್ಡದು. ಟೊಮೆಟೊ ಸಿಪ್ಪೆಯ ಮೇಲೆ ಜಾರಿದ ಮೊಂಡು ಚಾಕು ಬೆರಳನ್ನು ಬಿಡುವುದಿಲ್ಲ. ಹರಿತವಾದ ಚಾಕು ಹಣ್ಣಿನಲ್ಲಿ ತಾನೇ ಇಳಿಯುತ್ತದೆ. ಆದರೆ ಸ್ಪರ್ಶ ಮಂದವಾದವರಿಗೆ ಅದು ಬೆರಳಿನಲ್ಲೂ ತಿಳಿಯದಂತೆ ಇಳಿಯುತ್ತದೆ ಎಂಬುದನ್ನು ಮುಚ್ಚಿಡಬಾರದು. ಅದಕ್ಕೆ ಪರಿಹಾರ ಚಾಕುವಿನಲ್ಲಿಲ್ಲ, ಅಭ್ಯಾಸದಲ್ಲಿದೆ: ಹಣ್ಣನ್ನು ಅಂಗೈಯಲ್ಲಿ ಹಿಡಿದು ಹೆಚ್ಚುವುದನ್ನು ಬಿಟ್ಟು ತಟ್ಟೆಯ ಮೇಲೋ ಮಣೆಯ ಮೇಲೋ ಇಟ್ಟು ಹೆಚ್ಚುವುದು, ಬೆಳಕಿನಲ್ಲಿ ಕೂರುವುದು, ಮುಗಿದ ಮೇಲೆ ಒಮ್ಮೆ ಬೆರಳುಗಳನ್ನು ಕಣ್ಣಾರೆ ನೋಡಿಕೊಳ್ಳುವುದು. ಗಾಯವಾದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ನಿಮಿಷಕ್ಕೊಮ್ಮೆ ತೆಗೆದು ನೋಡುವುದರಿಂದಲೇ ರಕ್ತ ನಿಲ್ಲದೆ ಹೋಗುವುದುಂಟು. ಆಮೇಲೂ ನಿಲ್ಲದಿದ್ದರೆ, ಸಕ್ಕರೆ ಕಾಯಿಲೆಯವರ ಗಾಯ ಮರುದಿನ ಕೆಂಪೇರಿದರೆ, ವೈದ್ಯರ ಬಳಿಗೆ ಹೋಗಬೇಕು.

ಸಾಣೆ ಹಿಡಿಯುವ ಕೆಲಸವನ್ನು ಮನೆಯ ಮಕ್ಕಳು ಕಲಿಯಬಹುದು. ಸಾಣೆಕಲ್ಲು ಇಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಮಗುಚಿ ನೋಡಿ, ತಳದಲ್ಲಿ ಹೊಳಪಿಲ್ಲದ ಒರಟು ಉಂಗುರವೊಂದಿರುತ್ತದೆ. ಅದು ಉಕ್ಕಿಗಿಂತ ಗಟ್ಟಿ. ಅಲಗನ್ನು ಸುಮಾರು ಇಪ್ಪತ್ತು ಡಿಗ್ರಿ ಓರೆಯಲ್ಲಿ ಹಿಡಿದು ಎರಡೂ ಬದಿಗೆ ಸಮನಾಗಿ ಎಳೆದರೆ ಬಾಯಿ ತಿರುಗಿ ಬರುತ್ತದೆ. ಕೋನಮಾಪಕ ಬೇಡ, ಕಾಗದದ ಚೌಕ ಮೂಲೆಯನ್ನು ಮಡಿಸಿದರೆ 45, ಮತ್ತೊಮ್ಮೆ ಮಡಿಸಿದರೆ 22.5 ಡಿಗ್ರಿ, ಅಷ್ಟು ಸಾಕು. ಬೀದಿಯಲ್ಲಿ ಸೈಕಲ್ ಚಕ್ರ ತುಳಿದು ಸಾಣೆ ಹಿಡಿಯುವವರು ಇನ್ನೂ ಅಲ್ಲಲ್ಲಿ ಬರುತ್ತಾರೆ. ಅವರಿಗೆ ಕೊಡುವಾಗ ಕಿಡಿ ಹಾರುವುದಷ್ಟೇ ನೋಡದೆ ಅಲಗಿನ ಅಂಚು ನೀಲಿಗೆ ತಿರುಗದಂತೆ ನೋಡಿಕೊಳ್ಳಬೇಕು. ಹಳೆಯ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ನೀಲಿಯಾಗುತ್ತದೆ, ಅಲ್ಲಿಗೆ ಅದರ ಗಡಸು ಬಹಳಷ್ಟು ಹೋದಂತೆಯೇ. ನಡುನಡುವೆ ನೀರಿಗೆ ಅದ್ದುವ ಸಾಣೆಯವನು ಬಲ್ಲವನು.

ಅಜ್ಜಿಯರ ಮಾತು ಬಿಟ್ಟೇಹೋಯಿತು. ಈಳಿಗೆ ಮಣೆಯ ಮುಂದೆ ಕೂರಬಲ್ಲ ಅಜ್ಜಿಗೆ ಮೇಲಿನ ಯಾವ ರಗಳೆಯೂ ಇಲ್ಲ. ಅಲಗು ಅಲ್ಲಾಡದೆ ನಿಂತಿರುತ್ತದೆ, ಮಣೆಯನ್ನು ಕಾಲು ಒತ್ತಿ ಹಿಡಿದಿರುತ್ತದೆ, ಎರಡು ಕೈಗಳೂ ತರಕಾರಿಯನ್ನು ದೂಡುತ್ತವೆ. ಹಿಡಿ ಹಿಡಿಯುವ ಕಸುವೇ ಬೇಕಿಲ್ಲ, ತೋಳು ಮತ್ತು ಮೈಯ ಭಾರ ಕೆಲಸ ಮಾಡುತ್ತದೆ. ಕೈ ನೋಯುವವರಿಗಾಗಿಯೇ ಯಾರೋ ಯೋಚಿಸಿ ಮಾಡಿದಂತಿದೆ. ಸೋಲುವುದು ಮಂಡಿ. ನೆಲಕ್ಕೆ ಕೂರಲಾಗದ ದಿನ ಈಳಿಗೆ ಮೂಲೆ ಸೇರುತ್ತದೆ, ಅಜ್ಜಿಗೂ ಚಾಕುವೇ ಗತಿಯಾಗುತ್ತದೆ. ಹೆಬ್ಬೆರಳ ಬುಡ ತೀರ ನೋಯುವವರಿಗೆ ಮಡಿಸುವ ಚಾಕುವೇ ಬೇಡ. ಸಣ್ಣ ತರಕಾರಿ ಚಾಕುವಿಗೆ ದಪ್ಪ ರಟ್ಟಿನಲ್ಲೋ ಹಳೆಯ ಬೆಲ್ಟಿನ ಚರ್ಮದಲ್ಲೋ ಒಂದು ಒರೆ ಹೊಲಿದು ಕೈಚೀಲದಲ್ಲಿಟ್ಟರೆ, ತೆರೆಯುವುದೂ ಇಲ್ಲ ಮುಚ್ಚುವುದೂ ಇಲ್ಲ. ಕೊಡವರು ಸೊಂಟದ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಯೂ ಒರೆಯ ಕತ್ತಿಯೇ, ಈಗ ಮದುವೆ ಹಬ್ಬಗಳ ಉಡುಗೆಗೆ ಸೇರಿದ್ದರೂ.

ಎಲ್ಲಿಗೆ ಒಯ್ಯಬಾರದೆಂಬುದನ್ನೂ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು, ಅದೂ ಮನೆ ಮತ್ತು ಬೇಸಾಯದ ಬಳಕೆಯವನ್ನು ಬಿಟ್ಟು. ಏಳು ಸೆಂಟಿಮೀಟರಿನ ಹಣ್ಣಿನ ಚಾಕು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ವಿಮಾನದ ಕೈಚೀಲದಲ್ಲಿ ಅದಕ್ಕೆ ಜಾಗವಿಲ್ಲ. ಸರಕಿಗೆ ಕೊಡುವ ಪೆಟ್ಟಿಗೆಯಲ್ಲಿ ಹಾಕಬೇಕು. ಮರೆತು ಸಂಚಿಯಲ್ಲೇ ಒಯ್ದವರ ಚಾಕು ತಪಾಸಣೆಯ ಬುಟ್ಟಿ ಸೇರುತ್ತದೆ, ಮಗನ ಮನೆಗೆ ಹೊರಟ ಎಷ್ಟೋ ಅಜ್ಜಂದಿರ ಚಾಕುಗಳು ಹಾಗೆ ಹೋಗಿವೆ. ನ್ಯಾಯಾಲಯ, ಮೆಟ್ರೋ ನಿಲ್ದಾಣಗಳಂಥ ತಪಾಸಣೆಯ ಜಾಗಗಳಿಗೆ ಹೋಗುವ ದಿನ ಮನೆಯಲ್ಲೇ ಬಿಡುವುದು ಒಳಿತು. ಗುಂಡಿ ಒತ್ತಿದರೆ ಚಿಮ್ಮುವ ಚಾಕುವನ್ನಂತೂ ಯಾವ ವಯಸ್ಸಿನವರೂ ಕೊಳ್ಳಬೇಕಿಲ್ಲ. ಅಜ್ಜನ ಜೇಬಿನಲ್ಲಿರುವುದು ತನ್ನ ಜೇಬಿನಲ್ಲೇಕೆ ಇರಬಾರದು ಎಂದು ಕೇಳುವ ವಿದ್ಯಾರ್ಥಿಗೆ ಉತ್ತರ ಚಿಕ್ಕದು: ಶಾಲೆಗೆ ಚಾಕು ತರುವುದಿಲ್ಲ, ಪೆನ್ಸಿಲ್ ಚೂಪು ಮಾಡಲು ಮೆಂಡರ್ ಇದೆ, ಬಾಯಲ್ಲಿ ಹಲ್ಲಿದೆ.

ಮಲೆನಾಡಿನ ಮನೆಗಳಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನೆಲದ ಮೇಲಿಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಕೊಟ್ಟರೆ ಜಗಳವಾಗುತ್ತದೆಂದು ಹೇಳುವುದುಂಟು. ಜಗಳದ ಮಾತು ಹೇಗೇ ಇರಲಿ, ಇಬ್ಬರ ಕೈ ಒಂದೇ ಗಳಿಗೆಯಲ್ಲಿ ಒಂದೇ ಅಲಗಿನ ಹತ್ತಿರ ಇರಬಾರದೆಂಬುದು ಪ್ರಯೋಗಶಾಲೆಯಲ್ಲೂ ಹೇಳಿಕೊಡುವ ನಿಯಮ. ಸಾಗರದ ಮನೆಯಲ್ಲಿ ಬೀರುವಿನ ಮೇಲಿನ ಹಿತ್ತಾಳೆ ಹಿಡಿಯ ಚಾಕುವನ್ನು ಸೊಸೆಯೇ ಕೆಳಗಿಳಿಸಿ, ಮಾವನ ಮುಂದೆ ಜಗುಲಿಯ ಮೇಲಿಟ್ಟಳು. ಅವರು ಅದನ್ನು ತೆರೆಯಲು ನೋಡಿದರು, ಆಗಲಿಲ್ಲ. ಮೊಮ್ಮಗ ತೆರೆದುಕೊಟ್ಟ. ಅಲಗಿಗೆ ತುಕ್ಕು ಹಿಡಿದಿತ್ತು. ಬೂದಿ ಹಾಕಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿದರು. ಈಗ ಅದು ಬಾವಿಕಟ್ಟೆಯ ಗೂಡಿನಲ್ಲಿ ತೆರೆದೇ ಇರುತ್ತದೆ, ಹೂವು ಕಟ್ಟಲು ಬಾಳೆಪಟ್ಟೆ ಸೀಳುವುದಕ್ಕೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಹಚ್ಚುವುದು ಮೊಮ್ಮಗನ ಪಾಲಿನ ಕೆಲಸ.